ಪರದೆಯನ್ನು ಕೊನೆಗೆ ಆಯ್ದುಕೊಂಡರೆ ಸಾಕು

ಮನೆಯಲ್ಲೇ ವಿಮಾನ ಕಟ್ಟುವವರು ಎಂಜಿನ್ ಮಾನಿಟರ್, ಅಂದರೆ ಎಂಜಿನ್ನಿನ ಬಿಸಿ, ಒತ್ತಡ, ಪೆಟ್ರೋಲ್ ಹರಿವು ತೋರಿಸುವ ಪೆಟ್ಟಿಗೆ, ಆಯ್ದುಕೊಳ್ಳಲು ಕೂತರೆ ಮೊದಲು ನೋಡುವುದು ಪರದೆಯನ್ನು. ಎಷ್ಟು ಇಂಚು, ಬಣ್ಣ ಹೇಗಿದೆ, ಬಿಸಿಲಿಗೆ ಕಾಣುತ್ತದಾ, ಮುಟ್ಟಿದರೆ ಕೆಲಸ ಮಾಡುತ್ತದಾ. ನನ್ನ ಪ್ರಕಾರ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು ಎರಡು. ಎಂಜಿನ್ ಹೇಳುವುದು ಈ ಪೆಟ್ಟಿಗೆಗೆ ಸರಿಯಾಗಿ ತಲುಪುತ್ತದಾ? ತಲುಪಿದ್ದನ್ನು ಅದು ಬರೆದಿಟ್ಟುಕೊಳ್ಳುತ್ತದಾ?

ಇದನ್ನು ಬರೆಯಲು ಕಾರಣ ನನ್ನ ಅಕ್ಕನ ಮಗ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಹತ್ತಿರ ಇದ್ದಾನೆ, ಸಾಫ್ಟ್‌ವೇರ್ ಕೆಲಸ. ಕಾರು ನಿಲ್ಲಿಸುವ ಜಾಗದಲ್ಲಿ ಎರಡು ಸೀಟಿನ ಆರ್‌ವಿ-9ಎ ವಿಮಾನ ಕಟ್ಟುತ್ತಿದ್ದಾನೆ. ಅದರ ಕಿಟ್ ಮಾಡುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ಇರುವುದೂ ಅಲ್ಲೇ ಹತ್ತಿರದ ಅರೋರಾ ಊರಿನಲ್ಲಿ. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎನ್ನುವವರು ಶುರು ಮಾಡಿದ ಕಂಪನಿ. ಅವರ ಆರ್‌ವಿ ಸರಣಿಯ ವಿಮಾನಗಳು ಹತ್ತು ಸಾವಿರಕ್ಕಿಂತ ಜಾಸ್ತಿ ಹಾರಿವೆ. ಆ ದೇಶದ ಕಾನೂನಿನಲ್ಲಿ, ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಕ್ಕಾಗಿ, ಕಲಿಕೆಗಾಗಿ ತಾವೇ ಮಾಡಿದವರಿಗೆ ಪ್ರತ್ಯೇಕ ವರ್ಗದಲ್ಲಿ ಪರವಾನಗಿ ಸಿಗುತ್ತದೆ. ಆಮೇಲೆ ಕೆಲವು ಗಂಟೆ ಪರೀಕ್ಷಾ ಹಾರಾಟ, ಸಾಮಾನ್ಯವಾಗಿ 25 ಅಥವಾ 40 ಗಂಟೆ. ಅದು ಮುಗಿದ ಮೇಲೆ ಜನರನ್ನು ಕೂರಿಸಿಕೊಂಡು ಹಾರಬಹುದು.

ನಾನು ವಿಮಾನದವನಲ್ಲ. ದುಡಿದದ್ದೆಲ್ಲ ಹಡಗಿನ ಎಂಜಿನ್ ರೂಮಿನಲ್ಲಿ. ಈಗ ಉಡುಪಿಯ ಸಂತೆಕಟ್ಟೆಯಲ್ಲಿ ಮನೆ, ಮಲ್ಪೆ ಬಂದರಿನಲ್ಲಿ ಗೆಳೆಯರು. ಬೋಟಿನ ಎಂಜಿನ್ ಏನಾದರೂ ತಕರಾರು ಮಾಡಿದರೆ ಅವರು ಕರೆಯುತ್ತಾರೆ, ನಾನು ಹೋಗುತ್ತೇನೆ. ಹಾಗಾಗಿ ಅಳಿಯ ಈ ಮಳೆಗಾಲ ರಜೆಯಲ್ಲಿ ಊರಿಗೆ ಬಂದಾಗ ವಯರಿಂಗ್ ಚಾರ್ಟನ್ನೂ ತಂದಿದ್ದ. ಜಗಲಿಯಲ್ಲಿ ಕೂತು ಅದನ್ನು ಬಿಚ್ಚಿದ.

"ಮಾವ, ಅಲ್ಲಿ ತುಂಬ ಜನ ಹತ್ತು ಇಂಚಿನ ಪರದೆ ಹಾಕುತ್ತಾರೆ. ಏಳು ಇಂಚು ಸಾಕಾ?"

"ನಿನ್ನ ಎಂಜಿನಿಗೆ ಎಷ್ಟು ಸಿಲಿಂಡರ್ ಮಾರಾಯ?"

"ನಾಲ್ಕು."

"ನಾಲ್ಕಕ್ಕೂ ಬೇರೆ ಬೇರೆ ಪ್ರೋಬ್ ಉಂಟಾ? ಹೆಡ್ಡಿಗೆ ನಾಲ್ಕು, ಎಕ್ಸಾಸ್ಟಿಗೆ ನಾಲ್ಕು?"

"ಅದು ಕಿಟ್ಟಿನಲ್ಲೇ ಬರುತ್ತದಲ್ಲ, ಮಾವ."

ಪ್ರೋಬ್ ಅಂದರೆ ಬಿಸಿ ಅಳೆಯುವ ಕಡ್ಡಿ. ಹೆಡ್ ಅಂದರೆ ಸಿಲಿಂಡರಿನ ತಲೆ, ಎಕ್ಸಾಸ್ಟ್ ಅಂದರೆ ಸುಟ್ಟ ಗಾಳಿ ಹೊರಗೆ ಹೋಗುವ ಪೈಪು. ಕಿಟ್ಟಿನಲ್ಲಿ ಬರುತ್ತದೆ, ಹೌದು. ಆದರೆ ಎಲ್ಲಿ ಕೂರಿಸುವುದು, ಹೇಗೆ ಜೋಡಿಸುವುದು ಅನ್ನುವುದು ಪೆಟ್ಟಿಗೆಯೊಳಗೆ ಬರುವುದಿಲ್ಲ. ಅಲ್ಲಿಂದ ನಮ್ಮ ಮಾತು ಶುರುವಾಯಿತು. ಅವನ ರಜೆ ಮುಗಿಯುವವರೆಗೂ ನಿಲ್ಲಲಿಲ್ಲ.

ಅವನ ಎಂಜಿನ್ ಲೈಕಮಿಂಗ್ ಒ-320. 320 ಘನ ಇಂಚು, ಅಂದರೆ ಸುಮಾರು 5.2 ಲೀಟರ್. 160 ಕುದುರೆ ಶಕ್ತಿ. ನಾಲ್ಕು ಸಿಲಿಂಡರ್, ಈಚೆಗೆ ಎರಡು ಆಚೆಗೆ ಎರಡು ಮಲಗಿಸಿ ಇಟ್ಟದ್ದು. ನೀರಿಲ್ಲ, ಗಾಳಿಯಲ್ಲೇ ತಣ್ಣಗಾಗಬೇಕು. ಒಂದೊಂದು ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್, ಅವಕ್ಕೆ ಎರಡು ಬೇರೆ ಬೇರೆ ಮ್ಯಾಗ್ನೆಟೊ. ಬ್ಯಾಟರಿ ಸತ್ತರೂ ಮ್ಯಾಗ್ನೆಟೊ ಕಿಡಿ ಕೊಡುತ್ತಲೇ ಇರುತ್ತದೆ. ಹಳೆಯ ವಿನ್ಯಾಸ, ಆದರೆ ಬುದ್ಧಿವಂತಿಕೆಯದ್ದು.

ಕಾರ್ಬುರೇಟರ್ ಒಂದೇ, ಎಂಜಿನ್ನಿನ ಕೆಳಗೆ. ಅಲ್ಲಿಂದ ನಾಲ್ಕು ಪೈಪಿನಲ್ಲಿ ಪೆಟ್ರೋಲು-ಗಾಳಿ ಹೋಗುತ್ತದೆ. ಪಂಕ್ತಿಯಲ್ಲಿ ಸಾರು ಬಡಿಸಿದ ಹಾಗೆ: ಒಂದು ಎಲೆಗೆ ಸ್ವಲ್ಪ ಜಾಸ್ತಿ ಬೀಳುತ್ತದೆ, ಇನ್ನೊಂದಕ್ಕೆ ಕಮ್ಮಿ. ಹಿಂದಿನ ಕಾಲದ ವಿಮಾನಗಳಲ್ಲಿ ಅತಿ ಬಿಸಿಯಾಗುವ ಒಂದು ಸಿಲಿಂಡರಿಗೆ ಮಾತ್ರ ಪ್ರೋಬ್ ಹಾಕಿ, ಒಂದೇ ಮುಳ್ಳು ತೋರಿಸುತ್ತಿದ್ದರು. ಅತಿ ಬಿಸಿ ಯಾವುದು ಅನ್ನುವುದು ಏರುವಾಗ ಒಂದು, ಸಮವಾಗಿ ಹಾರುವಾಗ ಇನ್ನೊಂದು ಆಗಿರಬಹುದು. ಆಗ ಆ ಒಂದು ಮುಳ್ಳು ಹೇಳುವುದು ಕಾಲು ಭಾಗದ ಕತೆ ಮಾತ್ರ.

ಹಡಗಿನಲ್ಲಿ ನಮಗೆ ಇದು ಹೊಸತಲ್ಲ. ದೊಡ್ಡ ಎಂಜಿನ್ನುಗಳಲ್ಲಿ ಸಿಲಿಂಡರಿಗೊಂದು ಎಕ್ಸಾಸ್ಟ್ ಥರ್ಮಾಮೀಟರ್ ಇರುತ್ತದೆ. ನಾಲ್ಕು ಗಂಟೆಯ ವಾಚ್, ಅಂದರೆ ಕಾವಲಿನ ಪಾಳಿ, ಮುಗಿಯುವಾಗ ಎಲ್ಲವನ್ನೂ ಲಾಗ್ ಬುಕ್ಕಿಗೆ ಬರೆಯಬೇಕು. ಬರೆಯುವಾಗ ಕಣ್ಣು ಅಂಕಿಯ ಮೇಲೆ ನಿಲ್ಲುವುದಿಲ್ಲ, ವ್ಯತ್ಯಾಸದ ಮೇಲೆ ನಿಲ್ಲುತ್ತದೆ. ನಿನ್ನೆ ನಾಲ್ಕನೆಯದು ಉಳಿದವುಗಳ ಜೊತೆ ಇತ್ತು, ಇವತ್ತು ಯಾಕೆ ಮೇಲೆ ಹೋಯಿತು? ಅಲ್ಲಿನ ಅಲಾರಂ ಕೂಡ ಸರಾಸರಿಯಿಂದ ಯಾವ ಸಿಲಿಂಡರ್ ಎಷ್ಟು ದೂರ ಹೋಯಿತು ಅನ್ನುವುದನ್ನೂ ನೋಡುತ್ತದೆ. ಅಳಿಯನಿಗೆ ನಾನು ಪದೇ ಪದೇ ಹೇಳಿದ್ದು ಇದನ್ನೇ. ಮಾನಿಟರ್ ಅಂದರೆ ನಿನ್ನ ಬದಲು ವಾಚ್ ಮಾಡುವವನು. ಅವನಿಗೆ ಬರವಣಿಗೆ ಬರಬೇಕು.

ಆದರೆ ಡೀಸೆಲ್ಲಿನವರಿಗೆ ಒಂದು ವಿಷಯ ಇಲ್ಲಿ ಉಲ್ಟಾ. ಡೀಸೆಲ್ ಎಂಜಿನ್ನಿಗೆ ಇಂಧನ ಜಾಸ್ತಿ ಕೊಟ್ಟರೆ ಎಕ್ಸಾಸ್ಟ್ ಬಿಸಿ ಏರುತ್ತದೆ, ಅಷ್ಟೇ. ವಿಮಾನದ ಪೆಟ್ರೋಲ್ ಎಂಜಿನ್ನಿನಲ್ಲಿ ಹಾಗಲ್ಲ. ಪೈಲಟ್ ಕೈಯಲ್ಲಿ ಮಿಕ್ಸ್ಚರ್ ಅಂತ ಒಂದು ಕೆಂಪು ಗುಬ್ಬಿ (ನಾಬ್) ಇರುತ್ತದೆ. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ, ಪೆಟ್ರೋಲನ್ನೂ ಕಮ್ಮಿ ಮಾಡಬೇಕು. ಪೂರ್ತಿ ಒಳಗೆ ಒತ್ತಿದ್ದರೆ ಪೆಟ್ರೋಲ್ ಬೇಕಾದ್ದಕ್ಕಿಂತ ಜಾಸ್ತಿ, ಎಕ್ಸಾಸ್ಟ್ ತಂಪು. ಗುಬ್ಬಿಯನ್ನು ನಿಧಾನ ಹೊರಗೆ ಎಳೆದ ಹಾಗೆ ಎಕ್ಸಾಸ್ಟ್ ಬಿಸಿ ಏರುತ್ತದೆ. ಒಂದು ತುದಿ ಮುಟ್ಟುತ್ತದೆ. ಇನ್ನೂ ಎಳೆದರೆ ಇಳಿಯುತ್ತದೆ. ಆ ತುದಿಗೆ ಪೀಕ್ ಅನ್ನುತ್ತಾರೆ. ಪೀಕಿನ ಯಾವ ಕಡೆ, ಎಷ್ಟು ದೂರದಲ್ಲಿ ಎಂಜಿನ್ ಓಡುತ್ತಿದೆ ಅನ್ನುವುದೇ ಮುಖ್ಯ. ನಾಲ್ಕು ಸಿಲಿಂಡರ್ ನಾಲ್ಕು ಹೊತ್ತಿಗೆ ಪೀಕ್ ಮುಟ್ಟುತ್ತವೆ, ಸಾರು ಸಮನಾಗಿ ಬೀಳದ ಕಾರಣ.

ಹಾಗಾಗಿ ಎಕ್ಸಾಸ್ಟಿನ ಅಂಕಿ 1,380 ಫ್ಯಾರನ್‌ಹೀಟಾ, 1,420ಆ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದು ನಿಜವಾದ ಉರಿಯ ಬಿಸಿಯೂ ಅಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದಿರುವುದು ಒಂದು ಆವರ್ತದ ಸುಮಾರು ಮೂರನೇ ಒಂದು ಭಾಗ ಮಾತ್ರ. ಆ ಹೊತ್ತಿಗೆ ಪ್ರೋಬಿಗೆ ಬಿಸಿ ಗಾಳಿ ಹೊಡೆಯುತ್ತದೆ, ಉಳಿದ ಹೊತ್ತು ಇಲ್ಲ. ಪ್ರೋಬ್ ತೋರಿಸುವುದು ಆ ಏರಿಳಿತದ ನಡುವಿನ ಒಂದು ಮಟ್ಟ. ಪ್ರೋಬ್ ಒಂದು ಇಂಚು ಆಚೀಚೆ ಆದರೂ ಅಂಕಿ ಬದಲಾಗುತ್ತದೆ. ಅದಕ್ಕೇ ನಾಲ್ಕು ಪೈಪಿನಲ್ಲೂ, ಪೈಪು ಹೆಡ್ಡಿಗೆ ಕೂರುವ ಫ್ಲ್ಯಾಂಜಿನಿಂದ ಒಂದೇ ದೂರದಲ್ಲಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ಇಂಚು ಕೆಳಗೆ, ತೂತು ಕೊರೆಯಬೇಕು. ಎರಡು ಪೈಪಿಗೆ ಜಾಗ ಸಿಕ್ಕಿತು ಅಂತ ಎರಡು ಇಂಚಿಗೆ, ಇನ್ನೆರಡಕ್ಕೆ ನಾಲ್ಕು ಇಂಚಿಗೆ ಕೊರೆದರೆ ಒಂದರ ಜೊತೆ ಒಂದನ್ನು ಹೋಲಿಸುವುದೇ ಕಷ್ಟವಾಗುತ್ತದೆ.

ಹೆಡ್ಡಿನ ಬಿಸಿಯ ಕತೆ ಬೇರೆ. ಅಲ್ಲಿ ಅಂಕಿಯೇ ಮುಖ್ಯ. ಲೈಕಮಿಂಗಿನ ಕೆಂಪು ಗೆರೆ 500 ಫ್ಯಾರನ್‌ಹೀಟ್, ಅಂದರೆ 260 ಸೆಲ್ಸಿಯಸ್. ಆದರೆ ಅದು ದಾಟಬಾರದ ಗೆರೆ, ದಿನಾ ಓಡಿಸುವ ಮಟ್ಟ ಅಲ್ಲ. ಬಾಳಿಕೆ ಬೇಕಾದವರು 400ರ ಕೆಳಗೆ, ಸುಮಾರು 204 ಸೆಲ್ಸಿಯಸ್ ಒಳಗೆ ಇಡುತ್ತಾರೆ. ಅಲ್ಯುಮಿನಿಯಂ ಹೆಡ್, ಬಿಸಿ ಏರಿದ ಹಾಗೆ ಅದರ ಬಲ ಕುಗ್ಗುತ್ತದೆ. ಲೈಕಮಿಂಗಿನಲ್ಲಿ ಪ್ರೋಬ್ ಕೂರಿಸಲು ಪ್ರತಿ ಹೆಡ್ಡಿನ ಕೆಳಗೆ ಒಂದು ಗುಳಿ ಬಿಟ್ಟಿರುತ್ತಾರೆ. ಸ್ಪ್ರಿಂಗ್ ಇರುವ ಪ್ರೋಬ್ ಅದರೊಳಗೆ ಒತ್ತಿ ಕೂರುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕೆಳಗೆ ವಾಷರಿನ ಹಾಗೆ ಹಾಕುವ ಪ್ರೋಬೂ ಉಂಟು. ಎರಡೂ ಒಂದೇ ಅಂಕಿ ಕೊಡುವುದಿಲ್ಲ. ಮೂರು ಸಿಲಿಂಡರಿಗೆ ಒಂದು ಬಗೆ, ನಾಲ್ಕನೆಯದಕ್ಕೆ ಇನ್ನೊಂದು ಬಗೆ ಹಾಕಿದರೆ, ಆ ನಾಲ್ಕನೆಯದು ಯಾವಾಗಲೂ ಕಾಯಿಲೆ ಬಿದ್ದಂತೆ ಕಾಣುತ್ತದೆ. ಹೊಸದಾಗಿ ಕಟ್ಟುವವನಿಗೆ ಈ ಪೀಕಲಾಟ ಬೇಡವೇ ಬೇಡ. ನಾಲ್ಕಕ್ಕೂ ಗುಳಿಯದ್ದೇ ಹಾಕು ಅಂದೆ.

ಈಗ ವಯರಿಗೆ ಬರುತ್ತೇನೆ. ನನಗೆ ಇದರಷ್ಟು ಇಷ್ಟದ ವಿಷಯ ಬೇರೆ ಇಲ್ಲ.

ಎರಡು ಬೇರೆ ಲೋಹದ ತಂತಿಗಳ ತುದಿ ಬೆಸೆದು, ಬೆಸುಗೆಯನ್ನು ಬಿಸಿ ಮಾಡಿದರೆ ಇನ್ನೊಂದು ತುದಿಯಲ್ಲಿ ಚೂರು ವೋಲ್ಟೇಜ್ ಸಿಗುತ್ತದೆ. ಸೀಬೆಕ್ ಎಂಬ ವಿಜ್ಞಾನಿ 1821ರಲ್ಲಿ ಕಂಡ ಪರಿಣಾಮ ಇದರ ಬೇರು. ಥರ್ಮೋಕಪಲ್ ಅಂದರೆ ಇದೇ. ಎಕ್ಸಾಸ್ಟಿಗೆ ಕೆ ಬಗೆಯ ತಂತಿ, ಹೆಡ್ಡಿಗೆ ಹೆಚ್ಚಾಗಿ ಜೆ ಬಗೆಯದು. ಕೆ ಬಗೆಯದ್ದು ಒಂದು ಡಿಗ್ರಿ ಸೆಲ್ಸಿಯಸಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗ ಮೈಕ್ರೋವೋಲ್ಟ್. ಇಷ್ಟು ಸಣ್ಣ ಸಂಕೇತ ಬಿಸಿ ಎಂಜಿನ್ನಿನ ಪಕ್ಕ, ಮ್ಯಾಗ್ನೆಟೊದ ಗದ್ದಲದ ನಡುವೆ ಹಾದು, ಎಂಜಿನ್ನಿಗೂ ಕ್ಯಾಬಿನಿಗೂ ನಡುವಿನ ಫೈರ್‌ವಾಲ್ ಎಂಬ ಗೋಡೆ ದಾಟಿ ಒಳಗಿನ ಪೆಟ್ಟಿಗೆಗೆ ಬರಬೇಕು.

ಅಳಿಯ ತನ್ನ ಬ್ಯಾಗಿನಲ್ಲಿ ಒಂದು ಎಕ್ಸಾಸ್ಟ್ ಪ್ರೋಬ್ ತಂದಿದ್ದ. ಅಡುಗೆಮನೆಯಲ್ಲಿ ಪಾತ್ರೆಗೆ ನೀರಿಟ್ಟು ಕುದಿಸಿದೆವು. ಪ್ರೋಬಿನ ತುದಿ ಕುದಿಯುವ ನೀರಿನಲ್ಲಿ, ತಂತಿಯ ಇನ್ನೆರಡು ತುದಿ ನನ್ನ ಹಳೆಯ ಮಲ್ಟಿಮೀಟರಿಗೆ. ಹೊರಗೆ ಜೋರು ಮಳೆ, ಕೋಣೆಯಲ್ಲಿ 28 ಡಿಗ್ರಿ. ಮೀಟರ್ 2.9 ಮಿಲಿವೋಲ್ಟ್ ತೋರಿಸಿತು. "ನೂರು ಡಿಗ್ರಿಗೆ ನಾಲ್ಕು ಮಿಲಿವೋಲ್ಟ್ ಬರಬೇಕಿತ್ತಲ್ಲ ಮಾವ?" ಅಂದ. ಬರಬೇಕಾದ್ದು 28ಕ್ಕೂ 100ಕ್ಕೂ ನಡುವಿನ ವ್ಯತ್ಯಾಸ. ಥರ್ಮೋಕಪಲ್ ಬಿಸಿಯನ್ನು ಅಳೆಯುವುದಿಲ್ಲ, ಎರಡು ತುದಿಗಳ ಬಿಸಿಯ ಅಂತರವನ್ನು ಅಳೆಯುತ್ತದೆ. ಮಾನಿಟರಿನ ಪೆಟ್ಟಿಗೆ ತನ್ನ ಕನೆಕ್ಟರ್ ಇರುವ ಜಾಗದ ಬಿಸಿಯನ್ನು ಬೇರೆ ಅಳೆದು, ಅದನ್ನು ಇದಕ್ಕೆ ಕೂಡಿಸಿ ಹೇಳುತ್ತದೆ.

ಇಲ್ಲೇ ಅಪಾಯ ಇರುವುದು. ತಂತಿ ಗಿಡ್ಡವಾಯಿತು ಅಂತ ಎಂಜಿನ್ನಿನ ಹತ್ತಿರ ಮಾಮೂಲಿ ತಾಮ್ರದ ವಯರ್ ಜೋಡಿಸಿ ಒಳಗೆ ತಂದರೆ ಏನಾಗುತ್ತದೆ? ಆ ಜೋಡಣೆ ಕೌಲಿಂಗಿನೊಳಗೆ, ಅಂದರೆ ಎಂಜಿನ್ ಮುಚ್ಚುವ ಹೊದಿಕೆಯೊಳಗೆ, 80 ಡಿಗ್ರಿ ಬಿಸಿಯಲ್ಲಿ ಇರುತ್ತದೆ. ಪೆಟ್ಟಿಗೆ ಕ್ಯಾಬಿನಿನಲ್ಲಿ 30 ಡಿಗ್ರಿಯಲ್ಲಿ. ಪೆಟ್ಟಿಗೆ 80 ಕೂಡಿಸುವ ಬದಲು 30 ಕೂಡಿಸುತ್ತದೆ. ಹೆಡ್ಡಿನ ನಿಜವಾದ ಬಿಸಿ 220 ಸೆಲ್ಸಿಯಸ್ ಇದ್ದರೆ ಪರದೆಯಲ್ಲಿ 170 ಕಾಣುತ್ತದೆ. ಸುಂದರವಾದ ಹಸಿರು ಬಣ್ಣದಲ್ಲಿ ಕಾಣುತ್ತದೆ. ಇದಕ್ಕಿಂತ ಕೆಟ್ಟದ್ದು ಬೇರೆ ಬೇಕಾ? ನಾವು ಪ್ರೋಬಿನ ತಂತಿಯ ಎರಡು ತುದಿಗೂ ತಾಮ್ರದ ತುಂಡು ಸೇರಿಸಿ, ಒಂದು ಜೋಡಣೆಯನ್ನು ಬೆರಳಲ್ಲಿ ಹಿಡಿದು ಬೆಚ್ಚಗೆ ಮಾಡಿದೆವು. ಪಾತ್ರೆಯ ನೀರು ಹಾಗೇ ಕುದಿಯುತ್ತಿತ್ತು, ಮೀಟರಿನ ಅಂಕಿ ಕದಲಿತು. ಅದನ್ನು ನೋಡಿದ ಮೇಲೆ ಅವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಪೆಟ್ಟಿಗೆವರೆಗೂ ಅದೇ ಲೋಹದ ತಂತಿಯೇ ಹೋಗಬೇಕು.

ಬಣ್ಣದ ವಿಷಯವೂ ಹೇಳಿಬಿಡುತ್ತೇನೆ. ಅಮೆರಿಕದ ಪದ್ಧತಿಯಲ್ಲಿ ಕೆ ಬಗೆಗೆ ಹಳದಿ ಪ್ಲಸ್, ಕೆಂಪು ಮೈನಸ್. ಜೆ ಬಗೆಗೆ ಬಿಳಿ ಪ್ಲಸ್, ಕೆಂಪು ಮೈನಸ್. ನಮ್ಮ ಕೈ ಮಾತ್ರ ಕೆಂಪು ಅಂದ ಕೂಡಲೇ ಪ್ಲಸ್ಸಿಗೆ ಹೋಗುತ್ತದೆ. ತಿರುಗಾಮುರುಗಾ ಆದರೆ ಎಂಜಿನ್ ಬಿಸಿಯಾದ ಹಾಗೆ ಅಂಕಿ ಇಳಿಯುತ್ತದೆ.

ಮಾರನೇ ದಿನ ಅವನನ್ನು ಮಲ್ಪೆಗೆ ಕರೆದುಕೊಂಡು ಹೋದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲಿ. ಎಂಜಿನ್ ಬಿಚ್ಚಿ ರಿಪೇರಿ ಮಾಡುವ ಕಾಲ. ಒಂದು ಟ್ರಾಲರಿನ ಎಂಜಿನ್ನಿನಲ್ಲಿ ಆಯಿಲ್ ಪ್ರೆಶರ್ ಅಳೆದು ಕಳಿಸುವ ಸೆಂಡರ್ ನೇರವಾಗಿ ಬ್ಲಾಕಿಗೆ ಕೂತಿತ್ತು. ಹಿತ್ತಾಳೆಯ ಫಿಟ್ಟಿಂಗಿನ ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕು. ಸುತ್ತ ಎಣ್ಣೆ ಜಿನುಗಿ ಧೂಳು ಮೆತ್ತಿತ್ತು. ಭಾರದ ಸೆಂಡರ್, ಉದ್ದ ಕುತ್ತಿಗೆ, ನಿಲ್ಲದ ಅದುರು. ಲೋಹ ದಣಿದು ಸೀಳಿದ್ದು. ಕಡಲಲ್ಲಿ ಹೀಗೆ ಆದರೆ ಬೋಟ್ ನಡೆಸುವ ತಾಂಡೇಲ ಎಂಜಿನ್ ನಿಲ್ಲಿಸಿ ಪಕ್ಕದ ಬೋಟನ್ನು ಕರೆಯುತ್ತಾನೆ. ಆಕಾಶದಲ್ಲಿ ಆ ಬಿರುಕಿನಿಂದ ಎಂಜಿನ್ನಿನ ಎಣ್ಣೆಯೆಲ್ಲ ಹೊರಗೆ ಹೋಗುತ್ತದೆ.

ವಿಮಾನ ಕಟ್ಟುವವರ ನಡುವೆಯೂ ಇದು ಗೊತ್ತಿರುವ ತೊಂದರೆ. ಪರಿಹಾರವೂ ಗೊತ್ತಿರುವಂಥದ್ದೇ. ಸೆಂಡರನ್ನು ಎಂಜಿನ್ನಿನ ಮೇಲೆ ಇಡಬೇಡ, ಫೈರ್‌ವಾಲಿಗೆ ಕಟ್ಟು. ಎಂಜಿನ್ನಿನಿಂದ ಅಲ್ಲಿಗೆ ಬಗ್ಗುವ ಹೋಸ್. ಎಂಜಿನ್ ಕಡೆಯ ಫಿಟ್ಟಿಂಗಿನಲ್ಲಿ ಸೂಜಿಯಷ್ಟೇ ತೂತು ಇರಬೇಕು. ಹೋಸ್ ಒಡೆದರೂ ಎಣ್ಣೆ ಭುಸ್ಸನೆ ಹೋಗದೆ, ನಿಧಾನವಾಗಿ ಹೋಗುತ್ತದೆ. ಇಳಿಯಲು ಸಮಯ ಸಿಗುತ್ತದೆ. ಮಾನಿಟರ್ ಕೊಳ್ಳುವಾಗ ಅದರ ಜೊತೆ ಯಾವ ಪ್ರೆಶರ್ ಸೆನ್ಸರ್ ಕೊಡುತ್ತಾರೆ ಅಂತ ಕೇಳಿ. ಹಳೆಯ ಗುಂಡನೆಯ ಕಾರಿನ ಸೆಂಡರಾ, ಮುಚ್ಚಿದ ಎಲೆಕ್ಟ್ರಾನಿಕ್ ಸೆನ್ಸರಾ? ಪರದೆಯ ಇಂಚಿಗಿಂತ ಇದು ದೊಡ್ಡ ವಿಷಯ.

ಪೆಟ್ರೋಲ್ ಹರಿವಿನ ಮಾಪಕ ನನಗೆ ತುಂಬ ಹಿಡಿಸಿತು. ಕಟ್ಟುವವರಲ್ಲಿ ತುಂಬ ಜನ ಹಾಕುವುದು ಎಲೆಕ್ಟ್ರಾನಿಕ್ಸ್ ಇಂಟರ್‌ನ್ಯಾಷನಲ್ ಕಂಪನಿಯ ಎಫ್‌ಟಿ-60. ಕೆಂಪು ಡಬ್ಬಿ, ಅದಕ್ಕೇ ಎಲ್ಲರೂ ರೆಡ್ ಕ್ಯೂಬ್ ಅನ್ನುತ್ತಾರೆ. ಒಳಗೆ ಪುಟ್ಟ ಚಕ್ರ. ಒಂದು ಗ್ಯಾಲನ್ ಹಾದು ಹೋಗುವಾಗ ಸುಮಾರು 68,000 ಪಲ್ಸ್ ಎಣಿಸುತ್ತದೆ, ಅಂದರೆ ಲೀಟರಿಗೆ ಸುಮಾರು 18,000. ಡಬ್ಬಿಯಿಂದ ಡಬ್ಬಿಗೆ ಈ ಸಂಖ್ಯೆ ಚೂರು ಬೇರೆ. ಹಾಗಾಗಿ ಹಾರಿ ಬಂದು ಟ್ಯಾಂಕ್ ತುಂಬಿಸುವಾಗ ಪಂಪಿನ ಲೆಕ್ಕ, ಮಾನಿಟರಿನ ಲೆಕ್ಕ ಎರಡನ್ನೂ ಇಟ್ಟು ಸರಿಪಡಿಸುತ್ತಾ ಹೋಗಬೇಕು. ಅವನ ವಿಮಾನದ ಎರಡು ರೆಕ್ಕೆಯ ಟ್ಯಾಂಕ್ ಸೇರಿ 36 ಗ್ಯಾಲನ್. ಗಂಟೆಗೆ ಎಂಟು ಗ್ಯಾಲನ್ ಆಸುಪಾಸು ಖರ್ಚು. ಲೆಕ್ಕ ಸರಿಯಿದ್ದರೆ ಎಷ್ಟು ಹೊತ್ತು ಹಾರಬಹುದು ಅನ್ನುವುದು ಪರದೆಯ ಮೇಲೇ ಇರುತ್ತದೆ.

ಆದರೆ ಒಂದು ಮಾತು. ಈ ಡಬ್ಬಿ ತನ್ನೊಳಗೆ ಹಾದದ್ದನ್ನು ಮಾತ್ರ ಎಣಿಸುತ್ತದೆ. ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರದೆ ಪೆಟ್ರೋಲ್ ಗಾಳಿಗೆ ಹೀರಿಹೋದರೆ ಇದಕ್ಕೆ ಗೊತ್ತಾಗುವುದಿಲ್ಲ. ಟ್ಯಾಂಕಿನಲ್ಲಿ ಮಟ್ಟ ಹೇಳುವ ಫ್ಲೋಟ್ ಬೇಕೇ ಬೇಕು. ಅದನ್ನೂ ಖಾಲಿ ಟ್ಯಾಂಕಿನಿಂದ ಶುರು ಮಾಡಿ ಎರಡೆರಡು ಗ್ಯಾಲನ್ ಹಾಕುತ್ತಾ ಅಂಕಿ ಕಲಿಸಬೇಕು. ಎರಡು ಲೆಕ್ಕ ಒಂದಕ್ಕೊಂದು ತಾಳೆಯಾಗದ ದಿನ ಇಳಿದು ನೋಡು ಅಂದೆ.

ಅವನ ಪಟ್ಟಿಯಲ್ಲಿ ಇಲ್ಲದ ಒಂದು ಪ್ರೋಬನ್ನು ನಾನು ಸೇರಿಸಿದೆ. ಕಾರ್ಬುರೇಟರಿನ ಗಂಟಲಿನ ಬಿಸಿ. ಪೆಟ್ರೋಲ್ ಆವಿಯಾಗುವಾಗ, ಗಾಳಿ ಕಿರಿದಾದ ದಾರಿಯಲ್ಲಿ ನುಗ್ಗುವಾಗ ಅಲ್ಲಿ ಇಪ್ಪತ್ತು, ಮೂವತ್ತು ಡಿಗ್ರಿ ಇಳಿಯಬಹುದು. ಹೊರಗೆ 20 ಡಿಗ್ರಿಯ ಹಿತವಾದ ದಿನ, ಗಾಳಿಯಲ್ಲಿ ತೇವ. ಒಳಗೆ ಐಸ್ ಕಟ್ಟಿ ಎಂಜಿನ್ ಸೊರಗುತ್ತದೆ. ಒರೆಗಾನಿನ ಆ ಕಡೆ ಮಳೆ ಕಮ್ಮಿಯೇನಲ್ಲ.

ಪೆಟ್ಟಿಗೆಗಳ ವಿಷಯಕ್ಕೆ ಬರೋಣ. ಸರ್ಟಿಫೈಡ್ ವಿಮಾನದಲ್ಲಿ, ಅಂದರೆ ಕಾರ್ಖಾನೆಯಲ್ಲಿ ಮಂಜೂರಾದ ವಿನ್ಯಾಸದಂತೆ ಮಾಡಿದ್ದರಲ್ಲಿ, ಹಳೆಯ ಮುಳ್ಳುಗಳನ್ನು ಕಿತ್ತು ಮಾನಿಟರ್ ಹಾಕಬೇಕಾದರೆ ಅದಕ್ಕೆ ಮಂಜೂರಾತಿ ಬೇಕು. ಜೆಪಿಐ ಕಂಪನಿಯ ಇಡಿಎಂ-900, ಎಲೆಕ್ಟ್ರಾನಿಕ್ಸ್ ಇಂಟರ್‌ನ್ಯಾಷನಲ್‌ನ ಸಿಜಿಆರ್-30ಪಿ ಅಂಥವು. ಸ್ವಂತ ಕಟ್ಟಿದ ವಿಮಾನಕ್ಕೆ ಆ ಕಟ್ಟುಪಾಡು ಇಲ್ಲ. ಅದಕ್ಕೇ ಆಯ್ಕೆಯೂ ಜಾಸ್ತಿ, ಗೊಂದಲವೂ ಜಾಸ್ತಿ. ಗ್ರ್ಯಾಂಡ್ ರ‍್ಯಾಪಿಡ್ಸ್ ಟೆಕ್ನಾಲಜೀಸ್‌ನ ಇಐಎಸ್ 4000 ನಾಲ್ಕು ಸಿಲಿಂಡರಿಗೆ ಮಾಡಿದ್ದು. ಸಾದಾ ಅಕ್ಷರದ ಪರದೆ, ಮಿತಿ ದಾಟಿದರೆ ಕೆಂಪು ದೀಪ. ನೋಡಲು ಏನೂ ಇಲ್ಲ, ಆದರೆ ಕೆಲಸದ ಪೆಟ್ಟಿಗೆ. ಡೈನಾನ್ ಸ್ಕೈವ್ಯೂ ತೆಗೆದುಕೊಂಡರೆ ಇಎಂಎಸ್-220 ಎಂಬ ಡಬ್ಬಿ ಸೆನ್ಸರುಗಳನ್ನು ಓದಿ, ವೇಗ, ಎತ್ತರ ತೋರಿಸುವ ಹಾರಾಟದ ಪರದೆಗೇ ಕಳಿಸುತ್ತದೆ. ಗಾರ್ಮಿನ್ ಜಿ3ಎಕ್ಸ್‌ಗೆ ಜಿಇಎ 24 ಅದೇ ಕೆಲಸ ಮಾಡುತ್ತದೆ. ದಕ್ಷಿಣ ಆಫ್ರಿಕಾದ ಎಂಜಿಎಲ್ ಕೂಡ ಉಂಟು.

ಬೇರೆ ಪೆಟ್ಟಿಗೆಯಾ, ಹಾರಾಟದ ಪರದೆಯೊಳಗೇ ಎಂಜಿನ್ನಾ? ಇಲ್ಲಿ ನನಗೂ ಅಳಿಯನಿಗೂ ಸುಮಾರು ಹೊತ್ತು ಚರ್ಚೆ ಆಯಿತು. ಬೇರೆ ಇದ್ದರೆ ಒಂದು ಸತ್ತರೂ ಇನ್ನೊಂದು ಉಳಿಯುತ್ತದೆ. ಆ ವಾದದಲ್ಲಿ ಬಲ ಉಂಟು. ಆದರೂ ನಾನು ಒಟ್ಟಿಗೇ ಇರಲಿ ಅಂದೆ. ಕಾರಣ ಬರವಣಿಗೆ. ಹೆಡ್ 410 ಫ್ಯಾರನ್‌ಹೀಟ್ ಮುಟ್ಟಿತು ಅನ್ನುವ ಒಂದೇ ಸಾಲಿನಿಂದ ಏನು ತಿಳಿಯುತ್ತದೆ? ಆಗ ವಿಮಾನ ಏರುತ್ತಿತ್ತಾ, ಸಮವಾಗಿ ಹಾರುತ್ತಿತ್ತಾ? ವೇಗ ಎಷ್ಟು, ಎತ್ತರ ಎಷ್ಟು, ಹೊರಗಿನ ಗಾಳಿ ಎಷ್ಟು ಬಿಸಿ? ಮೂಗು ಎತ್ತಿ ನಿಧಾನ ಏರುವಾಗ ಕೌಲಿಂಗಿನೊಳಗೆ ಗಾಳಿ ಕಮ್ಮಿ, 410 ಅರ್ಥವಾಗುತ್ತದೆ. ಸಮವಾಗಿ ವೇಗದಲ್ಲಿ ಹೋಗುವಾಗ ಅದೇ 410 ಬಂದರೆ ಬೇರೆ ಕತೆ. ಒಂದೇ ಪೆಟ್ಟಿಗೆ ಬರೆದರೆ ಇವೆಲ್ಲ ಒಂದೇ ಸಾಲಿನಲ್ಲಿ ಇರುತ್ತವೆ. ಹಡಗಿನ ಲಾಗಿನಲ್ಲೂ ಎಂಜಿನ್ನಿನ ಅಂಕಿಯ ಜೊತೆ ಆರ್‌ಪಿಎಂ, ಕಡಲ ನೀರಿನ ಬಿಸಿ ಬರೆಯುವುದು ಇದಕ್ಕೇ.

ಎಷ್ಟು ಸೆಕೆಂಡಿಗೊಮ್ಮೆ ಬರೆಯುತ್ತದೆ ಅನ್ನುವುದನ್ನೂ ಕೇಳಬೇಕು. ಹಳೆಯ ಕೆಲವು ಮಾನಿಟರುಗಳು ಆರು ಸೆಕೆಂಡಿಗೊಮ್ಮೆ ಬರೆಯುತ್ತಿದ್ದವು. ಒಂದು ಸೆಕೆಂಡಿಗೆ ಒಂದು ಸಾಲು ಬೇಕು. ಫೈಲ್ ಸುಲಭವಾಗಿ ಹೊರಗೆ ತೆಗೆಯಲು ಬರಬೇಕು, ಬೇರೆ ಯಾವ ಸಾಫ್ಟ್‌ವೇರಿನಲ್ಲೂ ತೆರೆಯಬೇಕು.

ಅವನ ಗೆಳೆಯನೊಬ್ಬನ ಹಾರಾಟದ ಫೈಲ್ ಲ್ಯಾಪ್‌ಟಾಪಿನಲ್ಲಿ ಇತ್ತು. ನಾಲ್ಕು ಎಕ್ಸಾಸ್ಟ್ ಗೆರೆಗಳು ಒಟ್ಟಿಗೆ ಹೋಗುತ್ತಿದ್ದವು. ಒಂದು ಕಡೆ ಮೂರನೆಯದು ಮಾತ್ರ ದಿಢೀರ್ ಅಂತ 60 ಫ್ಯಾರನ್‌ಹೀಟ್ ಮೇಲೆ ಹೋಗಿ ಅಲ್ಲೇ ನಿಂತಿತು. ಅದೇ ಹೊತ್ತಿಗೆ ಆ ಸಿಲಿಂಡರಿನ ಹೆಡ್ ಸ್ವಲ್ಪ ತಂಪಾಯಿತು. ಉಳಿದ ಮೂರು ಕದಲಲಿಲ್ಲ. ಅಳಿಯ ನನ್ನ ಮುಖ ನೋಡಿದ.

ಒಂದು ಪ್ಲಗ್ ಕಿಡಿ ಕೊಡುತ್ತಿಲ್ಲ. ಎರಡು ಕಡೆಯಿಂದ ಹೊತ್ತಿಕೊಳ್ಳಬೇಕಾದ್ದು ಒಂದೇ ಕಡೆಯಿಂದ ಹೊತ್ತಿಕೊಂಡರೆ ಉರಿ ಮುಗಿಯುವುದು ತಡ. ತಡವಾದ ಉರಿಯ ಬಿಸಿ ಎಕ್ಸಾಸ್ಟಿಗೆ ಹೋಗುತ್ತದೆ, ಹೆಡ್ಡಿಗೆ ಕಮ್ಮಿ. ಯಾವ ಪ್ಲಗ್? ಒಂದೊಂದೇ ಮ್ಯಾಗ್ನೆಟೊದಲ್ಲಿ ಓಡಿಸಿ ನೋಡಬೇಕು. ಸತ್ತ ಪ್ಲಗ್ಗಿನ ಮ್ಯಾಗ್ನೆಟೊ ಒಂದರಲ್ಲೇ ಓಡಿಸಿದಾಗ ಮೂರನೇ ಗೆರೆ ಧೊಪ್ಪನೆ ಬೀಳುತ್ತದೆ. ಎಂಟು ಪ್ಲಗ್ಗಿನಲ್ಲಿ ಬಿಚ್ಚಬೇಕಾದ್ದು ಯಾವುದು ಅಂತ ಕೌಲಿಂಗ್ ತೆಗೆಯುವ ಮೊದಲೇ ಗೊತ್ತಾಗುತ್ತದೆ. ಒಂದೇ ಮುಳ್ಳಿನ ಕಾಲದಲ್ಲಿ ಇದಕ್ಕೆ ಅರ್ಧ ದಿನ ಹೋಗುತ್ತಿತ್ತು.

ಹೀಗೆ ಓದಬಹುದಾದ್ದು ಇನ್ನೂ ಉಂಟು. ಎಕ್ಸಾಸ್ಟ್ ವಾಲ್ವಿನ ಅಂಚು ಸುಡಲು ಶುರುವಾದರೆ ಆ ಸಿಲಿಂಡರಿನ ಗೆರೆ ನಿಧಾನವಾಗಿ, ನಿಮಿಷಕ್ಕೆ ಒಂದು ಸಲದ ಲೆಕ್ಕದಲ್ಲಿ ಅಲೆಯಾಡುತ್ತದೆ. ವಾಲ್ವ್ ತಿರುಗುತ್ತಾ ಇರುತ್ತದೆ, ಸೋರುವ ಜಾಗವೂ ಅದರ ಜೊತೆ ಸುತ್ತುತ್ತದೆ. ಪರದೆಯನ್ನು ದಿಟ್ಟಿಸಿ ಕೂತ ಪೈಲಟಿಗೆ ಇದು ಕಾಣುವುದಿಲ್ಲ. ಮನೆಗೆ ಬಂದು ಫೈಲ್ ತೆರೆದವನಿಗೆ ಮಾತ್ರ ಕಾಣುತ್ತದೆ. ಮಾನಿಟರಿಗೆ ಕೊಟ್ಟ ದುಡ್ಡು ಪೂರ್ತಿ ದುಡಿಯುವುದು ಇಳಿದ ಮೇಲೆ ಅಂತ ನಾನು ಹೇಳುವುದು ಅದಕ್ಕೇ.

ಹಾರುವಾಗ ಬೇಕಾದ್ದು ಅಲಾರಂ. ಅದರ ಮಿತಿಯನ್ನು ಕಾರ್ಖಾನೆಯ ಕೆಂಪು ಗೆರೆಗೆ ಬಿಡಬಾರದು. ಸಿಲಿಂಡರಿನೊಳಗೆ ಉರಿ ಹಿಡಿತ ತಪ್ಪಿ ಬಡಿಯಲು ಶುರುವಾದರೆ ಹೆಡ್ಡಿನ ಬಿಸಿ ಸೆಕೆಂಡ್ ಸೆಕೆಂಡಿಗೆ ಏರುತ್ತದೆ, ಎಕ್ಸಾಸ್ಟ್ ಇಳಿಯುತ್ತದೆ. ಒಂದೆರಡು ನಿಮಿಷದಲ್ಲಿ ಪಿಸ್ಟನ್ ತೂತಾಗಬಹುದು. 500 ಫ್ಯಾರನ್‌ಹೀಟಿಗೆ ಅಲಾರಂ ಇಟ್ಟರೆ ಅದು ಕೂಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. 400ಕ್ಕೆ ಎಚ್ಚರಿಕೆ, 420ಕ್ಕೆ ಕೂಗು ಇರಲಿ ಅಂದೆ. ಹೊಸ ಎಂಜಿನ್ನಿನ ಮೊದಲ ಗಂಟೆಗಳಲ್ಲಿ ಪಿಸ್ಟನ್ ರಿಂಗುಗಳು ಕೂರುವ ತನಕ ಹೆಡ್ ಬಿಸಿಯಾಗಿಯೇ ಇರುತ್ತದೆ, ಆಗ ಸ್ವಲ್ಪ ಸಡಿಲ ಮಾಡಬಹುದು. ಆಮೇಲೆ ಮರೆಯದೆ ಬಿಗಿ ಮಾಡಬೇಕು. ಸುಮ್ನೆ ಸುಮ್ನೆ ಕೂಗುವ ಅಲಾರಂ ಕೂಡ ಬೇಡ. ಎಂಜಿನ್ ರೂಮಿನಲ್ಲಿ ಅಂಥ ಅಲಾರಮನ್ನು ನೋಡದೆಯೇ ಬಟನ್ ಒತ್ತುವವರನ್ನು ಕಂಡಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಹಡಗಿನಲ್ಲಿ ಎಂಜಿನ್ ಉಳಿಸುವ ಸೆನ್ಸರ್ ಬೇರೆ, ಅಂಕಿ ತೋರಿಸುವ ಸೆನ್ಸರ್ ಬೇರೆ ಇರಬೇಕು ಅನ್ನುವುದು ನಿಯಮ. ಒಂದು ಕೆಟ್ಟರೆ ಎರಡೂ ಕೆಡಬಾರದು. ಅವನ ವಿಮಾನದಲ್ಲೂ ಒಂದು ಬೇರೆ ಆಯಿಲ್ ಪ್ರೆಶರ್ ಸ್ವಿಚ್, ಅದಕ್ಕೆ ಒಂದು ಕೆಂಪು ದೀಪ, ಮಾನಿಟರಿನ ಸಂಬಂಧವೇ ಇಲ್ಲದ ವಯರ್. ವಿಮಾನದ ಎಂಜಿನನ್ನು ತಾನಾಗಿ ನಿಲ್ಲಿಸುವ ಹಾಗಿಲ್ಲ, ದೀಪ ಸಾಕು. ಪರದೆಯಲ್ಲಿ ಪ್ರೆಶರ್ ಸೊನ್ನೆಗೆ ಬಿದ್ದು ದೀಪ ಆರಿಯೇ ಇದ್ದರೆ ಬಹುಶಃ ಸೆನ್ಸರ್ ಹೋಗಿದೆ. ಎರಡೂ ಹೇಳಿದರೆ ಹತ್ತಿರದಲ್ಲಿ ಇಳಿಯುವ ಜಾಗ ಹುಡುಕಬೇಕು. "ಇನ್ನೊಂದು ತೂತು ಕೊರೆಯಬೇಕಲ್ಲ ಮಾವ" ಅಂದ. ಕೊರೆ ಅಂದೆ.

ಅವನು ವಾಪಸ್ ಹೋಗಿ ಪ್ರೋಬುಗಳನ್ನೂ ಪ್ರೆಶರ್ ಸೆನ್ಸರನ್ನೂ ರೆಡ್ ಕ್ಯೂಬನ್ನೂ ಮೊದಲು ತರಿಸಿದ್ದಾನೆ. ಪರದೆ ಇನ್ನೂ ಕೊಂಡಿಲ್ಲ, ಡೈನಾನ್ ಕಡೆ ಮನಸ್ಸಿದೆ. ಎಕ್ಸಾಸ್ಟ್ ಪೈಪಿಗೆ ಗುರುತು ಹಾಕಿದ ಫೋಟೋ ಕಳಿಸಿದ್ದ. ನಾಲ್ಕೂ ಮೂರು ಇಂಚಿಗೆ. ಎಂಜಿನ್ ಮೊದಲ ಸಲ ಶುರು ಮಾಡಿದ ದಿನ ಫೈಲನ್ನು ಹಾಗೇ ನನಗೆ ಕಳಿಸಬೇಕು ಅಂತ ಮಾತಾಗಿದೆ. ನಾನು ಮೊದಲು ತೆರೆಯುವುದು ಆಯಿಲ್ ಪ್ರೆಶರಿನ ಕಾಲಂ. ಶುರುವಾದ 30 ಸೆಕೆಂಡಿನೊಳಗೆ ಪ್ರೆಶರ್ ಏಳಲೇಬೇಕು, ಏಳದಿದ್ದರೆ ಆಗಲೇ ಎಂಜಿನ್ ನಿಲ್ಲಿಸಬೇಕು. ಐಡಲಿನಲ್ಲಿ 25 ಪಿಎಸ್‌ಐಗಿಂತ ಕೆಳಗೆ ಬರಬಾರದು. ಅದು ಸರಿ ಇದ್ದರೆ ಆಮೇಲೆ ನಾಲ್ಕು ಹೆಡ್ಡುಗಳು, ಒಂದರ ಪಕ್ಕ ಒಂದು.